ಹಳದಿ ಇಲ್ಲದ ಕಾಮಾಲೆ

ಕಣ್ಣು ಹಳದಿಯಾಗಲಿಲ್ಲ, ಊಟ ಸೇರುತ್ತಿತ್ತು, ದುಡಿಮೆ ನಿಲ್ಲಲಿಲ್ಲ. ಒಳಗೆ ಮಾತ್ರ ಯಕೃತ್ತು ಇಪ್ಪತ್ತು ವರ್ಷ ಸವೆಯುತ್ತಲೇ ಇತ್ತು. ಜುಲೈ 28 ವಿಶ್ವ ಹೆಪಟೈಟಿಸ್ ದಿನ. ಭಾರತದಲ್ಲಿ ಸುಮಾರು ಮೂರು ಕೋಟಿ ಜನರ ರಕ್ತದಲ್ಲಿ ಸದ್ದಿಲ್ಲದೆ ಕುಳಿತಿರುವ ಹೆಪಟೈಟಿಸ್ ಬಿ ವೈರಸ್ಸಿನ ಕಥೆ ಇದು. ಅದಕ್ಕೆ ಲಸಿಕೆ ಇದೆ, ಮಾತ್ರೆ ಇದೆ. ಪತ್ತೆಗೆ ಒಂದು ಸಣ್ಣ ರಕ್ತಪರೀಕ್ಷೆ ಸಾಕು.

1982ರ ಜುಲೈ. ಬೆಂಗಳೂರು ವಿಶ್ವವಿದ್ಯಾಲಯದ ಆವರಣದಲ್ಲಿ ‘ಕೂಲಿ’ ಹಿಂದಿ ಚಿತ್ರದ ಹೊಡೆದಾಟದ ಚಿತ್ರೀಕರಣ. ಎದುರಿಗೆ ಹೊಸ ನಟ ಪುನೀತ್ ಇಸ್ಸಾರ್. ಅವರ ಏಟಿಗೆ ನಾಯಕ ಮೇಜಿನ ಮೇಲೆ ಬಿದ್ದು ಉರುಳಬೇಕು. ಕ್ಷಣದ ಲೆಕ್ಕ ತಪ್ಪಿತು. ಮೇಜಿನ ಅಂಚು ಅಮಿತಾಭ್ ಬಚ್ಚನ್ ಹೊಟ್ಟೆಗೆ ಬಡಿಯಿತು. ಹೊರಗೆ ರಕ್ತದ ಹನಿ ಇಲ್ಲ. ಒಳಗೆ ಕರುಳು ಹರಿದಿತ್ತು.

ಬೆಂಗಳೂರಿನ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಮುಂಬೈಗೆ ವಿಮಾನದಲ್ಲಿ ಕರೆದೊಯ್ದರು. ಅಲ್ಲಿ ಮತ್ತೆ ಶಸ್ತ್ರಚಿಕಿತ್ಸೆ, ಸಾವಿನ ಬಾಗಿಲವರೆಗೆ ಹೋಗಿ ಬಂದ ದಿನಗಳು. ದೇಶದ ಊರೂರಲ್ಲಿ ಜನ ಹರಕೆ ಹೊತ್ತರು, ಉಪವಾಸ ಕುಳಿತರು. ರಕ್ತ ಕೊಡಲು ಮುಂದೆ ಬಂದರು. ಸುಮಾರು ಇನ್ನೂರು ದಾನಿಗಳ ಅರವತ್ತು ಬಾಟಲಿ ರಕ್ತ ತಮ್ಮ ಮೈಗೆ ಹೋಯಿತು ಎಂದು ಬಚ್ಚನ್ ಅವರೇ ಮುಂದೆ ಹಲವು ಸಲ ಹೇಳಿದ್ದಾರೆ.

ಅವರು ಬದುಕಿದರು. ಮರುವರ್ಷ ‘ಕೂಲಿ’ ತೆರೆಕಂಡಾಗ ನಿರ್ದೇಶಕ ಮನಮೋಹನ ದೇಸಾಯಿ ಆ ಏಟಿನ ದೃಶ್ಯವನ್ನು ಪರದೆಯ ಮೇಲೆ ಒಂದು ಕ್ಷಣ ನಿಲ್ಲಿಸಿ ತೋರಿಸಿದರು. ಪೆಟ್ಟು ಬಿದ್ದದ್ದು ಇಲ್ಲೇ ಎಂದು ಇಡೀ ದೇಶ ನೋಡಿತು.

ಯಾರಿಗೂ ಕಾಣದ ಪೆಟ್ಟು ಇನ್ನೊಂದಿತ್ತು. ಆ ಇನ್ನೂರು ದಾನಿಗಳಲ್ಲಿ ಒಬ್ಬರ ರಕ್ತದಲ್ಲಿ ಹೆಪಟೈಟಿಸ್ ಬಿ ವೈರಸ್ ಇತ್ತು. ಪ್ರತಿ ಬಾಟಲಿಯನ್ನೂ ಅದಕ್ಕಾಗಿ ಪರೀಕ್ಷಿಸಲೇಬೇಕೆಂಬ ಕಟ್ಟುಪಾಡು ಆಗ ನಮ್ಮಲ್ಲಿ ಇರಲಿಲ್ಲ. ಪ್ರೀತಿಯಿಂದ ತೋಳು ಚಾಚಿದ ಆ ದಾನಿಗೂ ಬಹುಶಃ ಏನೂ ಗೊತ್ತಿದ್ದಿರಲಾರದು.

ಆಮೇಲೆ ಬಚ್ಚನ್ ಎರಡು ದಶಕ ನಟಿಸಿದರು, ಕುಣಿದರು, ಚುನಾವಣೆಗೆ ನಿಂತು ಗೆದ್ದರು. ಕೊನೆಗೊಮ್ಮೆ ಮಾಮೂಲಿ ತಪಾಸಣೆಯಲ್ಲಿ ವೈದ್ಯರು ಹೇಳಿದರು: ನಿಮ್ಮ ಯಕೃತ್ತಿನ ಮುಕ್ಕಾಲು ಭಾಗ ಹೋಗಿದೆ. ಉಳಿದ ಕಾಲು ಭಾಗದಲ್ಲೇ ಬದುಕುತ್ತಿದ್ದೇನೆ ಎಂದು ಅವರು ಬಹಿರಂಗವಾಗಿ ಹೇಳಿಕೊಂಡರು. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅವರನ್ನು ಆಗ್ನೇಯ ಏಷ್ಯಾ ವಲಯಕ್ಕೆ ಹೆಪಟೈಟಿಸ್ ರಾಯಭಾರಿಯನ್ನಾಗಿ ನೇಮಿಸಿತು.

ದೊಡ್ಡ ನಟನಿಗೆ ಬಂದ ರೋಗವೆಂದು ಈ ಪ್ರಸಂಗ ಹೇಳುತ್ತಿಲ್ಲ. ಕೈಗೆಟುಕುವ ಎಲ್ಲ ವೈದ್ಯಕೀಯ ಸೌಲಭ್ಯ ಇದ್ದವರಿಗೇ ಇದು ಇಪ್ಪತ್ತು ವರ್ಷ ಗೊತ್ತಾಗಲಿಲ್ಲವೆಂದರೆ, ಹೊಲದಲ್ಲಿ, ಗಾರ್ಮೆಂಟ್ಸ್‌ನಲ್ಲಿ, ಲಾರಿಯ ಮೇಲೆ ದುಡಿಯುವವರಿಗೆ ಹೇಗೆ ಗೊತ್ತಾಗಬೇಕು?

ಬರುವ ಕಾಮಾಲೆ, ಕೂರುವ ಕಾಮಾಲೆ

ಕಾಮಾಲೆ ನಮ್ಮ ಜನಕ್ಕೆ ಹೊಸದಲ್ಲ. ಉತ್ತರ ಕರ್ನಾಟಕದಲ್ಲಿ ಕಾಮಣಿ ಅನ್ನುತ್ತಾರೆ. ಬಾಯಿ ಕಹಿ, ಊಟ ಕಂಡರೆ ವಾಕರಿಕೆ, ಉಚ್ಚೆ ಕಡು ಹಳದಿ, ಆಮೇಲೆ ಕಣ್ಣಿನ ಬಿಳಿಭಾಗಕ್ಕೇ ಅರಿಶಿನದ ಬಣ್ಣ. ಅಜ್ಜಿಯಾದವಳು ಮೊಮ್ಮಗನ ರೆಪ್ಪೆ ಎಳೆದು ನೋಡಿಯೇ ಹೇಳುತ್ತಿದ್ದಳು. ಎಣ್ಣೆ ಜಿಡ್ಡು ಬಿಟ್ಟು ಗಂಜಿ, ಮಜ್ಜಿಗೆ ಅನ್ನದ ಪಥ್ಯ. ವಾರದ ಗೊತ್ತಾದ ದಿನ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ನಾಟಿ ಔಷಧಿಯ ಮನೆ ಮುಂದೆ ಸಾಲು. ಮೂರು ನಾಲ್ಕು ವಾರದಲ್ಲಿ ಕಣ್ಣು ಬೆಳ್ಳಗಾಗುತ್ತದೆ, ಔಷಧಿಗೆ ಹೆಸರು ಬರುತ್ತದೆ.

ಹೀಗೆ ಬಂದು ಹೋಗುವ ಕಾಮಾಲೆಯಲ್ಲಿ ಹೆಚ್ಚಿನವು ಹೆಪಟೈಟಿಸ್ ಎ ಮತ್ತು ಇ. ಕೊಳಚೆ ಸೇರಿದ ಕುಡಿಯುವ ನೀರು ಇವುಗಳ ಹೆದ್ದಾರಿ. 1955–56ರಲ್ಲಿ ದೆಹಲಿಯ ಚರಂಡಿ ನೀರು ಯಮುನೆಯ ನೀರೆತ್ತುವ ಜಾಗಕ್ಕೆ ನುಗ್ಗಿ ಸುಮಾರು 29 ಸಾವಿರ ಜನರಿಗೆ ಕಾಮಾಲೆ ಬಂದಿತ್ತು. ಅದು ಇ ವೈರಸ್ಸಿನ ಕೆಲಸವೆಂದು ತಿಳಿದದ್ದು ದಶಕಗಳ ನಂತರ. ಈ ಎರಡೂ ವೈರಸ್ಸುಗಳನ್ನು ಬಹುತೇಕರ ದೇಹ ತಾನೇ ಹೊರಹಾಕುತ್ತದೆ. ಗರ್ಭಿಣಿಯರಿಗೆ ಇ ಬಂದರೆ ಮಾತ್ರ ಜೀವಕ್ಕೇ ಅಪಾಯ, ಆಗ ಒಂದು ದಿನವೂ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಬಿ ಮತ್ತು ಸಿ ಬೇರೆ ಜಾತಿಯವು. ಇವು ನೀರಿನಿಂದ ಬರುವುದಿಲ್ಲ, ಹೆಚ್ಚಾಗಿ ರಕ್ತದಿಂದ ಬರುತ್ತವೆ. ಅನೇಕ ಸಲ ಬಂದದ್ದೂ ತಿಳಿಯುವುದಿಲ್ಲ, ಹೋಗುವುದೂ ಇಲ್ಲ. ಕಣ್ಣಿಗೆ ಹಳದಿ ಏರಬೇಕಾದರೆ ಯಕೃತ್ತು ತನ್ನ ಪಿತ್ತದ ಬಣ್ಣವನ್ನು ಹೊರಹಾಕಲಾರದಷ್ಟು ಸೋತಿರಬೇಕು. ದೀರ್ಘಕಾಲದ ಬಿ ಸೋಂಕಿನಲ್ಲಿ ಆ ಹಂತ ಬರುವುದು ಇಪ್ಪತ್ತು ಮೂವತ್ತು ವರ್ಷಗಳ ನಂತರ, ಯಕೃತ್ತು ಗಂಟುಗಂಟಾಗಿ ಗಟ್ಟಿಯಾದ ಮೇಲೆ. ಹೊಟ್ಟೆಯಲ್ಲಿ ನೀರು ತುಂಬುತ್ತದೆ, ರಕ್ತ ವಾಂತಿಯಾಗುತ್ತದೆ. ಕೆಲವರಿಗೆ ನೇರವಾಗಿ ಕ್ಯಾನ್ಸರ್. ಹಳದಿ ಬರಲಿ ನೋಡೋಣ ಎಂದು ಕಾಯುವ ನಮ್ಮ ಹಳೆಯ ಅಭ್ಯಾಸ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

> ಐದು ಅಕ್ಷರ, ಎರಡು ದಾರಿ
>
> ಎ, ಇ: ಮಲಿನ ನೀರು, ಆಹಾರದಿಂದ. ಸಾಮಾನ್ಯವಾಗಿ ಕೆಲ ವಾರಗಳಲ್ಲಿ ವಾಸಿ.
>
> ಬಿ, ಸಿ: ಸೋಂಕಿತ ರಕ್ತ, ಸೂಜಿ, ಲೈಂಗಿಕ ಸಂಪರ್ಕ, ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೆ. ಬಿ ಹೆಚ್ಚಾಗಿ ಹೆರಿಗೆಯ ಹೊತ್ತಿನಲ್ಲಿ ಮತ್ತು ಎಳವೆಯಲ್ಲಿ, ಸಿ ಹೆಚ್ಚಾಗಿ ಸೂಜಿಯಿಂದ.
>
> ಡಿ: ಒಂಟಿಯಾಗಿ ಬದುಕಲಾರದು. ಬಿ ಇದ್ದವರಿಗೆ ಮಾತ್ರ ತಗಲುತ್ತದೆ. ಬಿ ಲಸಿಕೆ ಹಾಕಿಸಿಕೊಂಡರೆ ಇದರಿಂದಲೂ ರಕ್ಷಣೆ.
>
> ಲೆಕ್ಕ: ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯಂತೆ ಜಗತ್ತಿನಲ್ಲಿ ಬಿ ಸೋಂಕಿತರು 25.4 ಕೋಟಿ, ಸಿ ಸೋಂಕಿತರು 5 ಕೋಟಿ. ಭಾರತದ ಪಾಲು ಕ್ರಮವಾಗಿ 2.98 ಕೋಟಿ ಮತ್ತು 55 ಲಕ್ಷ. 2022ರಲ್ಲಿ ಜಗತ್ತಿನಾದ್ಯಂತ ವೈರಲ್ ಹೆಪಟೈಟಿಸ್‌ನಿಂದ ಸತ್ತವರು ಸುಮಾರು 13 ಲಕ್ಷ. ಬಿ ಸೋಂಕಿತರಲ್ಲಿ ತಮಗೆ ಸೋಂಕಿದೆಯೆಂದು ಪತ್ತೆಯಾದವರು ನೂರಕ್ಕೆ 13 ಮಂದಿ ಮಾತ್ರ.

ಯಕೃತ್ತನ್ನು ಹಾಳು ಮಾಡುವುದು ಯಾರು?

ಈ ರೋಗದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹಿಡಿದು ನಿಲ್ಲಿಸಿದ ಸಂಗತಿ ಇದು: ಹೆಪಟೈಟಿಸ್ ಬಿ ವೈರಸ್ ತಾನು ಹೊಕ್ಕ ಜೀವಕೋಶವನ್ನು ನೇರವಾಗಿ ಕೊಲ್ಲುವುದಿಲ್ಲ. ಅದು ಒಳಗೆ ಕುಳಿತು ತನ್ನ ಪ್ರತಿಗಳನ್ನು ಹೊರಬಿಡುತ್ತದೆ, ಅಷ್ಟೆ. ಕೊಲ್ಲುವುದು ನಮ್ಮದೇ ರೋಗನಿರೋಧಕ ವ್ಯವಸ್ಥೆ. ಸೋಂಕು ತಗಲಿದ ಕೋಶವನ್ನು ಗುರುತಿಸಿದ ಬಿಳಿ ರಕ್ತಕಣಗಳು ವೈರಸ್ಸನ್ನು ನಾಶ ಮಾಡಲು ಹೋಗಿ ಆ ಕೋಶವನ್ನೂ ನಾಶ ಮಾಡುತ್ತವೆ.

ಆರೋಗ್ಯವಂತ ವಯಸ್ಕರಲ್ಲಿ ಈ ಕಾಳಗ ಜೋರಾಗಿ ನಡೆದು ಬೇಗ ಮುಗಿಯುತ್ತದೆ. ಕೆಲವರಿಗೆ ಆಗ ಕಾಮಾಲೆ ಕಾಣಿಸುತ್ತದೆ, ಕೆಲವರಿಗೆ ಸುಸ್ತು ಮಾತ್ರ. ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಜನ ಗೆಲ್ಲುತ್ತಾರೆ. ಸೋಲುವವರು ಐದಕ್ಕಿಂತ ಕಡಿಮೆ. ಬಚ್ಚನ್ ಆ ಕೆಲವರಲ್ಲಿ ಒಬ್ಬರಾದರು.

ಹುಟ್ಟಿದ ಮಗುವಿನ ವಿಷಯದಲ್ಲಿ ಲೆಕ್ಕ ಪೂರ್ತಿ ತಿರುಗುಮುರುಗು. ಹೆರಿಗೆಯ ಹೊತ್ತಿನಲ್ಲಿ ತಾಯಿಯ ರಕ್ತದಿಂದ ವೈರಸ್ ತಗಲಿದ ಹಸುಗೂಸುಗಳಲ್ಲಿ ನೂರಕ್ಕೆ ತೊಂಬತ್ತು ಮಕ್ಕಳಿಗೆ ಸೋಂಕು ಬಹುತೇಕ ಜೀವನಪೂರ್ತಿ ಉಳಿಯುತ್ತದೆ. ತನ್ನದು ಯಾವುದು, ಪರರದು ಯಾವುದು ಎಂದು ಇನ್ನೂ ಕಲಿಯುತ್ತಿರುವ ಆ ಎಳೆಯ ದೇಹ ವೈರಸ್ಸನ್ನೂ ತನ್ನದೇ ಎಂಬಂತೆ ಸಹಿಸಿಕೊಳ್ಳುತ್ತದೆ. ಕಾಳಗವೇ ಇಲ್ಲದ್ದರಿಂದ ಕಾಮಾಲೆಯೂ ಇಲ್ಲ. ಮಗು ಆಡುತ್ತದೆ, ಶಾಲೆಗೆ ಹೋಗುತ್ತದೆ, ದುಡಿಯುವ ವಯಸ್ಸಿಗೆ ಬರುತ್ತದೆ. ಆಗ ಎಚ್ಚೆತ್ತ ನಿರೋಧಕ ವ್ಯವಸ್ಥೆ ಯಕೃತ್ತಿನ ಮೇಲೆ ಏರಿಹೋಗುತ್ತದೆ. ಮನೆಗೆ ಆಧಾರವಾಗಿದ್ದವರು ನಲವತ್ತರ ಆಸುಪಾಸಿನಲ್ಲಿ ಆಸ್ಪತ್ರೆ ಸೇರುವುದರ ಹಿಂದೆ ಹೀಗೆ ಹುಟ್ಟಿನ ದಿನವೇ ತಗಲಿದ ಸೋಂಕು ಇರಬಹುದು.

ಗೆದ್ದವರಲ್ಲೂ ವೈರಸ್ ಪೂರ್ತಿ ತೊಲಗುವುದಿಲ್ಲ. ಅದರ ಮೂಲಪ್ರತಿಯೊಂದು ಯಕೃತ್ ಕೋಶದ ಕೇಂದ್ರದೊಳಗೆ ಉಂಗುರದಂತೆ ಸುತ್ತಿಕೊಂಡು ಉಳಿದುಬಿಡುತ್ತದೆ. ಕ್ಯಾನ್ಸರ್‌ಗೆ ಕಿಮೋಥೆರಪಿ ಕೊಟ್ಟಾಗ, ನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ ಬಳಸಿದಾಗ ಅದು ಮತ್ತೆ ಏಳಬಹುದು. ಅದಕ್ಕೇ ತಿಳಿದ ವೈದ್ಯರು ಇಂಥ ಚಿಕಿತ್ಸೆಗೆ ಮುಂಚೆ ಹೆಪಟೈಟಿಸ್ ಬಿ ಪರೀಕ್ಷೆ ಬರೆದುಕೊಡುತ್ತಾರೆ. ರೋಗಿಯ ಕಡೆಯವರು ಇದನ್ನು ಅನಗತ್ಯ ಖರ್ಚೆಂದು ಬಿಡಬಾರದು.

ಜೆಲ್ಲಿನ ಮೇಲೊಂದು ಗೆರೆ

ಜುಲೈ 28 ವಿಶ್ವ ಹೆಪಟೈಟಿಸ್ ದಿನವಾದದ್ದು ಬರೂಕ್ ಬ್ಲಂಬರ್ಗ್ ಹುಟ್ಟಿದ ದಿನವೆಂದು. 1925ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿದ ಈ ವೈದ್ಯ ವೈರಸ್ ಹುಡುಕಲು ಹೊರಟವರೇ ಅಲ್ಲ. ಒಂದೇ ರೋಗ ಕೆಲವರಿಗೆ ಬರುತ್ತದೆ, ಕೆಲವರಿಗೆ ಬರುವುದಿಲ್ಲ, ಏಕೆ? ಜಗತ್ತಿನ ಬೇರೆ ಬೇರೆ ಜನಾಂಗಗಳ ರಕ್ತದ ಪ್ರೋಟೀನುಗಳಲ್ಲಿ ಇದಕ್ಕೆ ಉತ್ತರವಿದೆಯೇ ಎಂದು ಅವರು ದೇಶದೇಶಗಳ ರಕ್ತದ ಮಾದರಿ ಕೂಡಿಹಾಕುತ್ತಿದ್ದರು.

ಅಮೆರಿಕದ ಬೆಥೆಸ್ಡಾದಲ್ಲಿ ಅವರಿಗೆ ಜೊತೆಯಾದವರು ಅಲ್ಲಿನ ರಕ್ತನಿಧಿಯ ಯುವ ವೈದ್ಯ ಹಾರ್ವೆ ಆಲ್ಟರ್. ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾ ರೋಗಿಗಳಿಗೆ ಲೆಕ್ಕವಿಲ್ಲದಷ್ಟು ಸಲ ಬೇರೆಯವರ ರಕ್ತ ಹೋಗಿರುತ್ತದೆ. ಪರರ ಪ್ರೋಟೀನುಗಳ ವಿರುದ್ಧ ಅವರಲ್ಲಿ ಪ್ರತಿಕಾಯಗಳು ಹುಟ್ಟಿರುತ್ತವೆ. ತೆಳು ಜೆಲ್ಲಿನ ತಟ್ಟೆಯಲ್ಲಿ ನಡುವಿನ ಗುಳಿಗೆ ಹಿಮೋಫಿಲಿಯಾ ರೋಗಿಯ ರಕ್ತಸಾರ, ಸುತ್ತಲಿನ ಗುಳಿಗಳಿಗೆ ಜಗತ್ತಿನ ನಾನಾ ಕಡೆಯವರ ರಕ್ತಸಾರ ಹಾಕಿದರು. ಎರಡು ಕೂಡುವಲ್ಲಿ ಗೆರೆ ಮೂಡಿದರೆ ಅಲ್ಲೇನೋ ಇದೆ ಎಂದರ್ಥ.

1963ರಲ್ಲಿ ಗೆರೆ ಮೂಡಿತು. ನ್ಯೂಯಾರ್ಕಿನ ಹಿಮೋಫಿಲಿಯಾ ರೋಗಿಯೊಬ್ಬನ ರಕ್ತಸಾರ, ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬನ ರಕ್ತಸಾರದೊಂದಿಗೆ ಪ್ರತಿಕ್ರಿಯಿಸಿತ್ತು. ಅವರು ನಿರೀಕ್ಷಿಸಿದ್ದ ಕೊಬ್ಬಿನ ಪ್ರೋಟೀನಾಗಿದ್ದರೆ ಬಣ್ಣ ಹಾಕಿದಾಗ ನೀಲಿಯಾಗಬೇಕಿತ್ತು. ಇದು ನೀಲಿಯಾಗಲಿಲ್ಲ. ಹಾಗಾದರೆ ಇದೇನು? ಗೊತ್ತಿಲ್ಲದೆ ‘ಆಸ್ಟ್ರೇಲಿಯಾ ಆಂಟಿಜೆನ್’ ಎಂದು ಹೆಸರಿಟ್ಟರು. 1965ರಲ್ಲಿ ಪ್ರಕಟಿಸಿದಾಗಲೂ ಅದು ವೈರಸ್ಸಿನ ತುಣುಕೆಂದು ಅವರಿಗೆ ತಿಳಿದಿರಲಿಲ್ಲ.

ರಕ್ತದ ಕ್ಯಾನ್ಸರ್ ರೋಗಿಗಳಲ್ಲಿ ಅದು ಹೆಚ್ಚು ಕಂಡಿತು. ಡೌನ್ ಸಿಂಡ್ರೋಮ್ ಇರುವವರಲ್ಲೂ ಕಂಡಿತು. 1966ರಲ್ಲಿ ಅಂಥ ಯುವಕನೊಬ್ಬನ ರಕ್ತ ಮೊದಲು ನೆಗೆಟಿವ್ ಇದ್ದದ್ದು ಆಮೇಲೆ ಪಾಸಿಟಿವ್ ಆಯಿತು. ಹುಟ್ಟಿನಿಂದ ಬರುವ ಗುಣವೇ ಆಗಿದ್ದರೆ ನಡುವೆ ಹೇಗೆ ಬಂದೀತು? ಈ ಮಧ್ಯೆ ಅವನಿಗೆ ಆದದ್ದೇನೆಂದು ಹುಡುಕಿದರೆ, ಯಕೃತ್ತಿನ ಉರಿಯೂತ, ಅಂದರೆ ಹೆಪಟೈಟಿಸ್. ಮರುವರ್ಷ ಬ್ಲಂಬರ್ಗ್ ಪ್ರಯೋಗಾಲಯದ ತಂತ್ರಜ್ಞೆಯೊಬ್ಬರಿಗೆ ಮೈಗೆ ಸರಿಯಿಲ್ಲವೆನಿಸಿ ತಮ್ಮ ರಕ್ತವನ್ನೇ ಪರೀಕ್ಷಿಸಿಕೊಂಡರು. ತೆಳುವಾದ ಗೆರೆ. ಆಮೇಲೆ ಕಣ್ಣು ಹಳದಿಯಾಯಿತು. ಅವರು ಪೂರ್ತಿ ಗುಣವಾದರು, ಒಗಟೂ ಬಿಡಿಸಿದಂತಾಯಿತು: ಆ ಗೆರೆ ಹೆಪಟೈಟಿಸ್ ವೈರಸ್ಸಿನ ಗುರುತು. ಜಪಾನಿನಲ್ಲಿ ಒಕೋಚಿ, ನ್ಯೂಯಾರ್ಕಿನಲ್ಲಿ ಪ್ರಿನ್ಸ್ ಎಂಬ ಸಂಶೋಧಕರು ಇದನ್ನೇ ದೃಢಪಡಿಸಿದರು. ಲಂಡನ್ನಿನಲ್ಲಿ ಡೇವಿಡ್ ಡೇನ್ 1970ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಇಡೀ ವೈರಸ್ಸನ್ನೇ ಕಂಡರು. 1976ರಲ್ಲಿ ಬ್ಲಂಬರ್ಗ್‌ಗೆ ನೊಬೆಲ್ ಬಂತು.

ಇವತ್ತು ರಕ್ತಪರೀಕ್ಷೆಯ ವರದಿಯಲ್ಲಿ ‘ಎಚ್‌ಬಿಎಸ್‌ಎಜಿ’ ಎಂದು ಬರೆದಿರುತ್ತಾರಲ್ಲ, ಅದು ಇದೇ ಆಸ್ಟ್ರೇಲಿಯಾ ಆಂಟಿಜೆನ್.

ಜೊಳ್ಳಿನಿಂದ ಲಸಿಕೆ

ಸೋಂಕಿತರ ರಕ್ತದಲ್ಲಿ ಪೂರ್ಣ ವೈರಸ್ಸುಗಳಿಗಿಂತ ಸಾವಿರಾರು ಪಟ್ಟು ಹೆಚ್ಚಾಗಿ ಬರಿಯ ಹೊರಚಿಪ್ಪುಗಳು ತೇಲುತ್ತಿರುತ್ತವೆ. ಭತ್ತದ ರಾಶಿಯಲ್ಲಿ ಕಾಳಿಲ್ಲದ ಜೊಳ್ಳಿನ ಹಾಗೆ: ನೋಡಲು ವೈರಸ್, ಒಳಗೆ ಬೀಜವಿಲ್ಲ. ಈ ಜೊಳ್ಳನ್ನೇ ಸೋಸಿ ತೆಗೆದು ಚುಚ್ಚಿದರೆ ದೇಹ ವೈರಸ್ಸಿನ ಮುಖ ಕಲಿಯುತ್ತದೆ, ರೋಗ ಬರುವುದಿಲ್ಲ. ಬ್ಲಂಬರ್ಗ್ ಮತ್ತು ಸಹೋದ್ಯೋಗಿ ಇರ್ವಿಂಗ್ ಮಿಲ್ಮನ್ 1969ರಲ್ಲೇ ಹೀಗೆ ಯೋಚಿಸಿ ಪೇಟೆಂಟಿಗೆ ಅರ್ಜಿ ಹಾಕಿದರು. ಲಸಿಕೆ ವಿಜ್ಞಾನಿ ಮಾರಿಸ್ ಹಿಲ್ಮನ್ ಅದನ್ನು ಮಾಡಿ ತೋರಿಸಿದರು. 1981ರಲ್ಲಿ ಅಮೆರಿಕದಲ್ಲಿ ಲಸಿಕೆಗೆ ಪರವಾನಗಿ ಸಿಕ್ಕಿತು.

ಸೋಂಕಿತರ ರಕ್ತದಿಂದಲೇ ತೆಗೆದ ಲಸಿಕೆ ಎಂದರೆ ಜನ ಹೆದರದಿರುತ್ತಾರೆಯೇ? ಏಡ್ಸ್ ಕಾಣಿಸಿಕೊಂಡ ವರ್ಷಗಳವು. ಹಿಲ್ಮನ್ ಅನುಸರಿಸಿದ ಶುದ್ಧೀಕರಣ ಯಾವ ವೈರಸ್ಸನ್ನೂ ಉಳಿಸುತ್ತಿರಲಿಲ್ಲ, ಆದರೂ ಅಳುಕು ಹೋಗಲಿಲ್ಲ. 1986ರಲ್ಲಿ ಹೊಸ ದಾರಿ ತೆರೆಯಿತು. ಹೊರಚಿಪ್ಪು ಕಟ್ಟುವ ಜೀನನ್ನು ಯೀಸ್ಟಿಗೆ ಸೇರಿಸಿ, ಯೀಸ್ಟಿನಿಂದಲೇ ಆ ಪ್ರೋಟೀನ್ ಬೆಳೆಸಿದರು. ಮನುಷ್ಯನಿಗೆ ಬಳಸಿದ ಮೊದಲ ಜೀನ್ ತಂತ್ರಜ್ಞಾನದ ಲಸಿಕೆ ಅದು. ಭಾರತಕ್ಕೆ ಆಮದಾಗುತ್ತಿದ್ದಾಗ ಅದರ ಬೆಲೆ ಸಾಮಾನ್ಯರಿಗೆ ನಿಲುಕುತ್ತಿರಲಿಲ್ಲ. ಹೈದರಾಬಾದಿನಲ್ಲಿ ವರಪ್ರಸಾದ ರೆಡ್ಡಿ ಕಟ್ಟಿದ ಶಾಂತಾ ಬಯೋಟೆಕ್ನಿಕ್ಸ್ 1997ರಲ್ಲಿ ಶಾನ್‌ವ್ಯಾಕ್ ಬಿ ತಂದ ಮೇಲೆ ಬೆಲೆ ಇಳಿಯಿತು. ಈಗ ಸರ್ಕಾರಿ ಆಸ್ಪತ್ರೆಯಲ್ಲಿ ಹುಟ್ಟುವ ಪ್ರತಿ ಮಗುವಿಗೂ ಉಚಿತ.

ಈ ಲಸಿಕೆ ಕ್ಯಾನ್ಸರ್ ತಡೆಯುತ್ತದೆ ಎಂಬುದಕ್ಕೆ ತೈವಾನ್ ಸಾಕ್ಷಿ. ಅಲ್ಲಿ 1984ರಿಂದ ಹಸುಗೂಸುಗಳಿಗೆ ಲಸಿಕೆ ಕೊಡತೊಡಗಿದರು. ಹತ್ತು ವರ್ಷ ಕಳೆಯುವಷ್ಟರಲ್ಲಿ 6ರಿಂದ 14 ವರ್ಷದ ಮಕ್ಕಳ ಯಕೃತ್ ಕ್ಯಾನ್ಸರ್ ಪ್ರಮಾಣ ಅರ್ಧದಷ್ಟು ಇಳಿದಿತ್ತು.

ಬ್ಲಂಬರ್ಗ್ ಮತ್ತು ನೆಲನೆಲ್ಲಿ

1986ರಲ್ಲಿ ಬ್ಲಂಬರ್ಗ್ ಭಾರತೀಯ ವಿಜ್ಞಾನ ಅಕಾಡೆಮಿಯ ರಾಮನ್ ಪ್ರಾಧ್ಯಾಪಕರಾಗಿ ಬೆಂಗಳೂರಿಗೆ ಬಂದಿದ್ದರು. ಅವರ ಆಸಕ್ತಿ ಆ ಕಾಲಕ್ಕೆ ನಮ್ಮ ಹಿತ್ತಲಿನ ಗಿಡವೊಂದರ ಕಡೆ ತಿರುಗಿತ್ತು. ಕಾಮಾಲೆಗೆ ಅರೆದು ಕೊಡುವ ನೆಲನೆಲ್ಲಿ. ಮದ್ರಾಸ್ ವಿಶ್ವವಿದ್ಯಾಲಯದ ಎಸ್. ಪಿ. ತ್ಯಾಗರಾಜನ್ ಅವರ ತಂಡದೊಂದಿಗೆ ಸೇರಿ ಬ್ಲಂಬರ್ಗ್ ಅದನ್ನು ಆಧುನಿಕ ಪರೀಕ್ಷೆಗೆ ಒಡ್ಡಿದರು. 1988ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಫಲಿತಾಂಶ ಎಲ್ಲರ ಹುಬ್ಬೇರಿಸಿತು: ನೆಲನೆಲ್ಲಿ ಪುಡಿ ತೆಗೆದುಕೊಂಡ ಸೋಂಕಿತರಲ್ಲಿ ನೂರಕ್ಕೆ 59 ಮಂದಿಯ ರಕ್ತದಿಂದ ಆಂಟಿಜೆನ್ ಮಾಯವಾಗಿತ್ತು.

ಮುಂದೆ ಬೇರೆ ಕಡೆ ನಡೆದ ಪ್ರಯೋಗಗಳಲ್ಲಿ ಆ ಫಲ ಮತ್ತೆ ಸಿಗಲಿಲ್ಲ. ಕೆಲವರು ಇದನ್ನು ನಾಟಿ ವೈದ್ಯದ ಸೋಲು ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ನೊಬೆಲ್ ಪಡೆದ ವಿಜ್ಞಾನಿಯೊಬ್ಬರು ಊರ ಔಷಧಿಯನ್ನು ತಾತ್ಸಾರ ಮಾಡದೆ, ಕುರುಡಾಗಿ ನಂಬದೆ, ರಕ್ತಪರೀಕ್ಷೆಯ ಮುಂದಿಟ್ಟು ನೋಡಿದರು. ಔಷಧಿ ಕೊಡುವ ಮನೆಗಳಲ್ಲೂ ನಡೆಯಬೇಕಾದದ್ದು ಇದೇ. ಕಾಮಾಲೆಯೆಂದು ಬಂದವರಿಗೆ ಮೊದಲು ಬಿ ಮತ್ತು ಸಿ ಪರೀಕ್ಷೆ ಮಾಡಿಸಿಕೊಂಡು ಬನ್ನಿ ಎಂದು ಅವರು ಒಂದು ಮಾತು ಹೇಳಿದರೆ ಎಷ್ಟೋ ಯಕೃತ್ತುಗಳು ಉಳಿಯುತ್ತವೆ. ಕಣ್ಣು ಬೆಳ್ಳಗಾದ ಮಾತ್ರಕ್ಕೆ ಬಿ ವೈರಸ್ ಹೋಯಿತೆಂದು ಹೇಳಲಾಗದು. ಆರು ತಿಂಗಳ ಮೇಲೆ ಮತ್ತೊಮ್ಮೆ ರಕ್ತ ಪರೀಕ್ಷಿಸಿದರೇ ತಿಳಿಯುವುದು.

ಸೂಜಿಯ ಸಾಕ್ಷಿ

2009ರ ಆರಂಭದಲ್ಲಿ ಗುಜರಾತಿನ ಸಾಬರಕಾಂಠಾ ಜಿಲ್ಲೆಯ ಮೊಡಾಸಾ ಪಟ್ಟಣ ಮತ್ತು ಸುತ್ತಮುತ್ತ ಜನರಿಗೆ ಏಕಾಏಕಿ ಕಾಮಾಲೆ ಬರತೊಡಗಿತು. ನೀರು ಪರೀಕ್ಷಿಸಿದರು, ನೀರಿನಲ್ಲಿರಲಿಲ್ಲ. ಅದು ಹೆಪಟೈಟಿಸ್ ಬಿ. ನಾನೂರಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು, ಹತ್ತಾರು ಜನ ಸತ್ತರು. ತನಿಖೆ ಕೊನೆಗೆ ತಲುಪಿದ್ದು ಚಿಕಿತ್ಸಾಲಯಗಳಲ್ಲಿ ಮತ್ತೆ ಮತ್ತೆ ಬಳಸುತ್ತಿದ್ದ ಸಿರಿಂಜುಗಳಿಗೆ.

ನಮ್ಮಲ್ಲಿ ಜ್ವರಕ್ಕೂ ನೆಗಡಿಗೂ ಒಂದು ಇಂಜೆಕ್ಷನ್ ಚುಚ್ಚಿಸಿಕೊಂಡರೇ ಸಮಾಧಾನ. ಚುಚ್ಚದ ವೈದ್ಯರನ್ನು ಕೈಗುಣವಿಲ್ಲದವರು ಅನ್ನುತ್ತೇವೆ. ಮಾತ್ರೆಯಲ್ಲಿ ವಾಸಿಯಾಗುವ ಕಾಯಿಲೆಗೆ ಸೂಜಿ ಕೇಳದಿರುವುದು, ಸೂಜಿ ಬೇಕೇ ಬೇಕಾದಾಗ ಹೊಸ ಪೊಟ್ಟಣ ನಮ್ಮ ಕಣ್ಣೆದುರೇ ಒಡೆಯಿರಿ ಎನ್ನುವುದು ಯಾರಿಗೂ ಅವಮಾನವಲ್ಲ.

> 30, 3, 0.3
>
> ಸೋಂಕಿತರಿಗೆ ಬಳಸಿದ ಸೂಜಿ ಆರೋಗ್ಯ ಸಿಬ್ಬಂದಿಗೆ ಆಕಸ್ಮಿಕವಾಗಿ ಚುಚ್ಚಿದರೆ ಅಪಾಯವೆಷ್ಟು? ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ ತಗಲುವ ಸಾಧ್ಯತೆ ಶೇ 30ರವರೆಗೆ, ಸಿ ಸುಮಾರು ಶೇ 3, ಎಚ್‌ಐವಿ ಸುಮಾರು ಶೇ 0.3. ಜನ ಹೆಚ್ಚು ಹೆದರುವುದು ಮಾತ್ರ ಕೊನೆಯದಕ್ಕೆ.
>
> ಬಿ ವೈರಸ್ ದೇಹದ ಹೊರಗೆ, ಒಣಗಿದ ರಕ್ತದ ಕಲೆಯಲ್ಲೂ, ಕನಿಷ್ಠ ಏಳು ದಿನ ಬದುಕಿರಬಲ್ಲದು. ಕ್ಷೌರದ ಬ್ಲೇಡು, ಜಾತ್ರೆಯಲ್ಲಿ ಹಚ್ಚೆ ಹಾಕುವ ಸೂಜಿ, ಕಿವಿ ಚುಚ್ಚುವ ಸಾಧನ ಒಬ್ಬರಿಂದ ಒಬ್ಬರಿಗೆ ಹೋಗಬಾರದು.
>
> ಹರಡದ ದಾರಿಗಳು: ಒಟ್ಟಿಗೆ ಕೂತು ಉಣ್ಣುವುದು, ತಟ್ಟೆ ಲೋಟ, ಅಪ್ಪುಗೆ, ಕೆಮ್ಮು, ಸೊಳ್ಳೆ. ಲಸಿಕೆ ಪಡೆದ ಮಗುವಿಗೆ ಸೋಂಕಿತ ತಾಯಿ ಎದೆಹಾಲು ಕೊಡಬಹುದು.

ರಕ್ತನಿಧಿಗಳ ಸ್ಥಿತಿ 1982ರಿಂದ ಬಹಳ ಬದಲಾಗಿದೆ. ಹಣಕ್ಕೆ ರಕ್ತ ಮಾರುವ ಪದ್ಧತಿಯನ್ನು ನಿಲ್ಲಿಸಬೇಕೆಂದು ಸುಪ್ರೀಂ ಕೋರ್ಟ್ 1996ರಲ್ಲಿ ತೀರ್ಪು ಕೊಟ್ಟಿತು. ಈಗ ದಾನವಾಗಿ ಬಂದ ಪ್ರತಿ ಯೂನಿಟ್ಟನ್ನೂ ಎಚ್‌ಐವಿ, ಹೆಪಟೈಟಿಸ್ ಬಿ, ಸಿ, ಸಿಫಿಲಿಸ್, ಮಲೇರಿಯಾಗಳಿಗಾಗಿ ಪರೀಕ್ಷಿಸಲೇಬೇಕು. ಶ್ರೀಮಂತ ದೇಶಗಳೂ ಇಲ್ಲಿ ಎಡವಿವೆ. ಬ್ರಿಟನ್ನಿನಲ್ಲಿ 1970ರಿಂದ 90ರ ಆರಂಭದವರೆಗೆ ಕಲುಷಿತ ರಕ್ತ, ರಕ್ತದ ಉತ್ಪನ್ನಗಳಿಂದ 30 ಸಾವಿರಕ್ಕೂ ಹೆಚ್ಚು ಜನರಿಗೆ ಎಚ್‌ಐವಿ, ಹೆಪಟೈಟಿಸ್ ತಗಲಿತ್ತು. ಅವರಲ್ಲಿ ಹಿಮೋಫಿಲಿಯಾ ಇದ್ದ ಮಕ್ಕಳೂ ಇದ್ದರು. ಇದನ್ನು ತಡೆಯಬಹುದಿತ್ತು ಎಂದು ಅಲ್ಲಿನ ವಿಚಾರಣಾ ಆಯೋಗ 2024ರ ಮೇ ತಿಂಗಳಲ್ಲಿ ಬರೆಯಿತು.

ಸಾವಿರ ಡಾಲರಿನ ಮಾತ್ರೆ

ಜೆಲ್ಲಿನ ಮೇಲೆ ಆ ಗೆರೆ ಕಂಡ ಹಾರ್ವೆ ಆಲ್ಟರ್ ಈ ರೋಗದ ಬೆನ್ನು ಬಿಡಲಿಲ್ಲ. ಬಿ ಇಲ್ಲದ ರಕ್ತ ಕೊಟ್ಟರೂ ಕೆಲವರಿಗೆ ಯಕೃತ್ತಿನ ಉರಿಯೂತ ಬರುತ್ತಿತ್ತು. ಎ ಕೂಡ ಅಲ್ಲವೆಂದು 1975ರಲ್ಲಿ ಖಚಿತವಾಯಿತು. ‘ಎ ಅಲ್ಲದ, ಬಿ ಅಲ್ಲದ’ ಎಂದೇ ಅದನ್ನು ಕರೆದರು. 1989ರಲ್ಲಿ ಮೈಕೆಲ್ ಹೌಟನ್, ಕ್ವಿ-ಲಿಮ್ ಚೂ, ಜಾರ್ಜ್ ಕುವೊ ಅದರ ಜೀನಿನ ತುಣುಕು ಹಿಡಿದರು. ಅದೇ ಹೆಪಟೈಟಿಸ್ ಸಿ. 2020ರಲ್ಲಿ ಆಲ್ಟರ್, ಹೌಟನ್ ಮತ್ತು ಇದೇ ವೈರಸ್ಸಿನ ಮೇಲೆ ಕೆಲಸ ಮಾಡಿದ ಚಾರ್ಲ್ಸ್ ರೈಸ್ ಮೂವರಿಗೆ ನೊಬೆಲ್ ಬಂದಾಗ ಆಲ್ಟರ್‌ಗೆ 85 ವರ್ಷ.

ಸಿ ವೈರಸ್ಸಿಗೆ ಇವತ್ತಿಗೂ ಲಸಿಕೆ ಇಲ್ಲ, ಆದರೆ ಪೂರ್ತಿ ಗುಣಪಡಿಸುವ ಮಾತ್ರೆ ಇದೆ. 2013ರ ಕೊನೆಗೆ ಅಮೆರಿಕದಲ್ಲಿ ಸೊಫೊಸ್ಬುವಿರ್ ಬಂತು. ದಿನಕ್ಕೊಂದು ಮಾತ್ರೆ, 12 ವಾರ. ಒಂದು ಮಾತ್ರೆಗೆ ಸಾವಿರ ಡಾಲರ್, ಒಟ್ಟು 84 ಸಾವಿರ ಡಾಲರ್! ಗುಣವಾಗುವ ಔಷಧಿ ಕಣ್ಣೆದುರಿದ್ದೂ ಕೈಗೆ ಸಿಗದ ಸಂಕಟ ಎಷ್ಟು ಮನೆಗಳದ್ದಾಗಿತ್ತೋ. 2014ರಲ್ಲಿ ಭಾರತದ ಕಂಪನಿಗಳಿಗೆ ತಯಾರಿಕೆಯ ಅನುಮತಿ ಸಿಕ್ಕಿ ಬೆಲೆ ನೂರರಲ್ಲೊಂದು ಪಾಲಿಗೂ ಕೆಳಗೆ ಬಂತು. ಸೋಂಕು ಹೆಚ್ಚಿದ್ದ ಪಂಜಾಬ್ 2016ರಲ್ಲಿ ಉಚಿತ ಚಿಕಿತ್ಸೆ ಶುರುಮಾಡಿತು. 2018ರ ಜುಲೈ 28ರಂದು ಕೇಂದ್ರ ಸರ್ಕಾರದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಬಂದ ಮೇಲೆ ಬಿ, ಸಿ ಎರಡಕ್ಕೂ ಪರೀಕ್ಷೆ, ಔಷಧಿ ಸರ್ಕಾರದ ವತಿಯಿಂದ ಉಚಿತ.

ಬಿ ವಿಷಯದಲ್ಲಿ ಅಷ್ಟು ಸುಲಭವಿಲ್ಲ. ಟೆನೊಫೊವಿರ್ ಅಥವಾ ಎಂಟೆಕವಿರ್ ಮಾತ್ರೆ ವೈರಸ್ಸನ್ನು ಅದುಮಿಡುತ್ತದೆ, ಬೇರುಸಹಿತ ಕೀಳುವುದಿಲ್ಲ. ಬಹಳ ವರ್ಷ, ಎಷ್ಟೋ ಜನ ಜೀವನಪೂರ್ತಿ ನುಂಗಬೇಕು. ನಡುವೆ ತಾವಾಗಿಯೇ ನಿಲ್ಲಿಸಿದರೆ ವೈರಸ್ ಉಕ್ಕಿ ಬಂದು ಜೀವ ತೆಗೆಯಬಹುದು. ಬಿ ಇದ್ದವರೆಲ್ಲರಿಗೂ ಮಾತ್ರೆ ಬೇಕಾಗುವುದಿಲ್ಲ. ಎಲ್ಲರಿಗೂ ಆರು ತಿಂಗಳಿಗೊಮ್ಮೆಯಾದರೂ ತಪಾಸಣೆ ಬೇಕು.

ರಕ್ತನಿಧಿಯಿಂದ ಬಂದ ಫೋನ್

ನಮ್ಮಲ್ಲಿ ಈ ಸೋಂಕು ಹೆಚ್ಚಾಗಿ ಗೊತ್ತಾಗುವುದು ಮೂರು ಹೊತ್ತಿನಲ್ಲಿ. ರಕ್ತದಾನ ಮಾಡಿದ ಮೇಲೆ, ಶಸ್ತ್ರಚಿಕಿತ್ಸೆಗೆ ಮುಂಚಿನ ಪರೀಕ್ಷೆಯಲ್ಲಿ, ಇಲ್ಲವೇ ಗರ್ಭಿಣಿಯ ತಪಾಸಣೆಯಲ್ಲಿ. ಕಾಲೇಜಿನ ಶಿಬಿರದಲ್ಲಿ ಉತ್ಸಾಹದಿಂದ ರಕ್ತ ಕೊಟ್ಟ ಹುಡುಗನಿಗೆ ಒಂದು ದಿನ ಫೋನ್ ಬರುತ್ತದೆ: ಒಮ್ಮೆ ಬಂದು ಹೋಗಿ. ಅಲ್ಲಿಂದಾಚೆ ಅವನನ್ನು ಕಾಡುವುದು ಯಕೃತ್ತಿಗಿಂತ ಹೆಚ್ಚಾಗಿ ಜನ. ಮನೆಯಲ್ಲಿ ತಟ್ಟೆ ಬೇರೆಯಾಗುತ್ತದೆ. ಗಲ್ಫಿನ ಕೆಲಸಕ್ಕೆ ವೈದ್ಯಕೀಯ ತಪಾಸಣೆಯಲ್ಲಿ ಫೇಲಾಗುತ್ತಾನೆ. ಹೆಣ್ಣಾದರೆ ಗಂಡನಿಂದಲೇ ಬಂದಿರಬಹುದಾದ ಸೋಂಕಿಗೆ ಅವಳ ನಡತೆಯನ್ನು ಪ್ರಶ್ನಿಸುತ್ತಾರೆ. ಹುಟ್ಟಿದ ದಿನ ತಗಲಿದ ವೈರಸ್ಸಿಗೆ ಯಾರ ನಡತೆ ಕಾರಣ?

ಮದುವೆ ಮುರಿಯಬೇಕಿಲ್ಲ. ಸಂಗಾತಿಗೆ ಪರೀಕ್ಷೆ ಮಾಡಿಸಿ, ಸೋಂಕಿಲ್ಲದಿದ್ದರೆ ಮೊದಲ ದಿನ, ಒಂದು ತಿಂಗಳು, ಆರು ತಿಂಗಳು ಹೀಗೆ ಮೂರು ಡೋಸ್ ಲಸಿಕೆ ಹಾಕಿಸಿದರೆ ರಕ್ಷಣೆ ಸಿಗುತ್ತದೆ. ಲಸಿಕೆ ಫಲಿಸಿತೇ ಎಂದು ರಕ್ತಪರೀಕ್ಷೆಯಿಂದ ನೋಡಲೂಬಹುದು. ಒಡಹುಟ್ಟಿದವರು, ತಾಯಿ, ಮಕ್ಕಳೂ ಪರೀಕ್ಷಿಸಿಕೊಳ್ಳಬೇಕು. ಒಬ್ಬರಲ್ಲಿ ಕಂಡರೆ ಮನೆಯ ಇನ್ನೊಬ್ಬರಲ್ಲೂ ಇರುವ ಸಾಧ್ಯತೆ ಇರುತ್ತದೆ.

ಮೊದಲ 24 ತಾಸು

ಎಲ್ಲಕ್ಕಿಂತ ದೊಡ್ಡ ಗೆಲುವು ಹೆರಿಗೆ ಕೋಣೆಯಲ್ಲಿದೆ. ಹುಟ್ಟಿದ 24 ಗಂಟೆಯೊಳಗೆ ಮಗುವಿನ ತೊಡೆಗೆ ಹೆಪಟೈಟಿಸ್ ಬಿ ಲಸಿಕೆ ಬೀಳಬೇಕು. ಆಮೇಲೆ 6, 10, 14 ವಾರಕ್ಕೆ ಪೆಂಟಾವೇಲೆಂಟ್ ಲಸಿಕೆಯೊಳಗೇ ಅದು ಸೇರಿರುತ್ತದೆ. ತಾಯಿ ಪಾಸಿಟಿವ್ ಆಗಿದ್ದರೆ ಮಗುವಿಗೆ ಜೊತೆಯಲ್ಲೇ ಇಮ್ಯುನೊಗ್ಲಾಬ್ಯುಲಿನ್ ಚುಚ್ಚುಮದ್ದೂ ಬೇಕು. ತಾಯಿಯ ರಕ್ತದಲ್ಲಿ ವೈರಸ್ ಬಹಳವಿದ್ದರೆ ಗರ್ಭದ ಕೊನೆಯ ತಿಂಗಳುಗಳಲ್ಲಿ ಆಕೆಗೆ ಟೆನೊಫೊವಿರ್ ಕೊಡುತ್ತಾರೆ.

ಈ ಮೊದಲ ಡೋಸ್ ತಪ್ಪುವುದು ಬಹಳ ಸಣ್ಣ ಕಾರಣಗಳಿಗೆ. ಸರ್ಕಾರಿ ಪೂರೈಕೆಯ ಸೀಸೆಯಲ್ಲಿ ಹತ್ತು ಡೋಸ್ ಇರುತ್ತವೆ. ಭಾನುವಾರ ರಾತ್ರಿ ಒಂದೇ ಮಗು ಹುಟ್ಟಿದೆ, ಒಂದು ಡೋಸಿಗೆ ಸೀಸೆ ಒಡೆದರೆ ಒಂಬತ್ತು ವ್ಯರ್ಥವಾದಾವೆಂದು ಸಿಬ್ಬಂದಿ ಹಿಂಜರಿಯುತ್ತಾರೆ. ವ್ಯರ್ಥವಾಗುವುದಿಲ್ಲ. ತೆರೆದ ಸೀಸೆಯನ್ನು 2ರಿಂದ 8 ಡಿಗ್ರಿ ತಂಪಿನಲ್ಲಿಟ್ಟು ನಾಲ್ಕು ವಾರದವರೆಗೆ ಬಳಸಲು ಸರ್ಕಾರದ ನಿಯಮವೇ ಅವಕಾಶ ಕೊಟ್ಟಿದೆ. ಖಾಸಗಿ ನರ್ಸಿಂಗ್ ಹೋಮ್‌ಗಳಲ್ಲಿ ‘ಡಿಸ್ಚಾರ್ಜ್ ದಿನ ಎಲ್ಲ ಒಟ್ಟಿಗೆ ಕೊಡೋಣ’ ಎಂದು ಮುಂದೂಡುವುದುಂಟು. ಸಿಸೇರಿಯನ್ ಆಗಿದ್ದರೆ ಡಿಸ್ಚಾರ್ಜ್ ಹೊತ್ತಿಗೆ ಐದು ದಿನ ಕಳೆದಿರುತ್ತದೆ.

ಹಾಗಾಗಿ ಆಸ್ಪತ್ರೆಗೆ ಬಾಣಂತಿಯ ಬಿಸಿನೀರಿನ ಫ್ಲಾಸ್ಕ್ ಹೊತ್ತು ಹೋಗುವ ಅಮ್ಮ, ಅತ್ತೆ, ಗಂಡ ಯಾರೇ ಆಗಲಿ, ಮಗು ಹುಟ್ಟಿದ ದಿನವೇ ನರ್ಸಮ್ಮನನ್ನು ಕೇಳಿ: ‘ಸಿಸ್ಟರ್, ಕೂಸಿಗೆ ಹೆಪಟೈಟಿಸ್ ಬಿ ಹಾಕಿದ್ರಾ? ತಾಯಿ ಕಾರ್ಡ್‌ನಲ್ಲಿ ದಿನಾಂಕ, ಟೈಮು ಬರೆದ್ರಾ?’ ಇನ್ನೂ ಹಾಕಿಲ್ಲ ಎಂದರೆ ಹಾಕುವವರೆಗೆ ಅಲ್ಲೇ ನಿಲ್ಲಿ.